ಕಪ್ಪು ಗುಂಡಿಗೆ ಕೈಮುಗಿಯುವ ಕೊಡೆ ಅಕ್ಕ

ಬೆಳಗಿನ ಐದು ಗಂಟೆ. ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಹಳೆಯ ಕೊಡೆ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸೈಕಲ್ ಸೀಟಿನ ಮೇಲೆ ಕೂತಿದ್ದಾರೆ. ಸೈಕಲ್ ಇಲ್ಲ, ಸೀಟು ಮಾತ್ರ. ಮರದ ಸ್ಟೂಲಿಗೆ ಬೋಲ್ಟ್ ಹಾಕಿ ಬಿಗಿದ ಆ ಸೀಟಿನ ಮೇಲೊಂದು ಬಿಳಿ ಬಟ್ಟೆ, ಬಿಳಿ ಬಟ್ಟೆಯ ಮೇಲೆ ನಿನ್ನೆ ಸಂಜೆ ಹೊಲಿದು ಮುಗಿಸಿದ ಪ್ಯಾಡು, ಪ್ಯಾಡಿನೊಳಗೆ ಕೆಂಪು ಬಣ್ಣ ಕಲಸಿದ ಗಂಜಿ. ಅದರ ಮೇಲೊಂದು ತೆಳು ರಬ್ಬರ್ ಹಾಳೆ ಹಾಸಿ ಅವರು ಕೂತಿರುವುದು, ಮುಂದಕ್ಕೆ ಬಾಗಿ, ತಮ್ಮದೇ ಪಾದಗಳನ್ನು ನೋಡುತ್ತಾ. ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಆಗುವವರೆಗೆ ಏಳುವಂತಿಲ್ಲ.

“ಗಂಜಿ ಯಾಕೆ ಅಂದ್ರೆ, ನೀರು ಹಾಕಿ ನೋಡಿದ್ರೆ ಯಾವ ಪ್ಯಾಡಾದ್ರೂ ಪಾಸೇ. ನೀರು ಗಟಗಟ ಒಳಗೆ ಹೋಗ್ಬಿಡುತ್ತೆ. ಮುಟ್ಟಿನ ರಕ್ತ ಅಷ್ಟು ಸಾಧು ಅಲ್ಲ. ಮೇಲೇ ನಿಂತು, ಎಲ್ಲಿ ದಾರಿ ಇದೆ ಅಂತ ಹುಡುಕುತ್ತೆ. ಅದಕ್ಕೇ ಬಟ್ಟೆಗೆ ಹಾಕೋ ಗಂಜಿನ ತೆಳ್ಳಗೆ ಕಾಯಿಸ್ಕೋತೀನಿ,” ಎನ್ನುತ್ತಾರೆ, ತಲೆ ಎತ್ತದೆಯೇ.

ಗಂಜಿ ಕಾಯಿಸಿದ್ದು ಅವರಲ್ಲ, ಅವರ ಗಂಡ. ಸೈಕಲ್ ರಿಪೇರಿ ಅವರ ಕಸುಬು, ಸೀಟೂ ಅವರ ಅಂಗಡಿಯದೇ. ಆರು ವರ್ಷದ ಹಿಂದೆ ಮನೆಯಲ್ಲಿ ಈ ಕೆಂಪು ಪಾತ್ರೆ ಮೊದಲ ಸಲ ಕಂಡಾಗ ಅವರು ಮುಖ ಕಿವುಚಿ ಹೊರಗೆ ಹೋಗಿ ನಿಂತಿದ್ದರಂತೆ. ಈಗ ಒಲೆಯ ಮುಂದೆ ನಿಂತು, “ಇವತ್ತು ಸ್ವಲ್ಪ ಗಟ್ಟಿ ಆಯ್ತೇನೋ, ಎರಡನೇ ದಿನದ್ದಕ್ಕೆ ಇಷ್ಟು ಸಾಕಲ್ವಾ?” ಎಂದು ಕೇಳುವಷ್ಟು ಪಳಗಿದ್ದಾರೆ. ಹೆಂಡತಿ ನಗುವುದು ಈ ಪ್ರಶ್ನೆಗೆ ಮಾತ್ರ, ಬೆಳಗಿನ ಪರೀಕ್ಷೆಯ ಹೊತ್ತಲ್ಲಿ ಮಿಕ್ಕ ಯಾವುದಕ್ಕೂ ಅವರಿಗೆ ನಗು ಬರುವುದಿಲ್ಲ.

ಇಡೀ ಬೀದಿಗೆ ಅವರು ಕೊಡೆ ಅಕ್ಕ. ಅವರ ಅಪ್ಪ ಇದೇ ಅಂಗಡಿಯಲ್ಲಿ ನಲವತ್ತು ವರ್ಷ ಕೊಡೆ ರಿಪೇರಿ ಮಾಡಿದವರು. ಮುರಿದ ಕಡ್ಡಿ, ಹರಿದ ಬಟ್ಟೆ, ಜಾರುವ ಹಿಡಿ ಇವುಗಳ ನಡುವೆಯೇ ಮಗಳು ಆಡಿ ಬೆಳೆದದ್ದು. ಈಗಲೂ ಮುಂದಿನ ಕೋಣೆಯ ಮೊಳೆಗಳಿಗೆ ಕೊಡೆಗಳು ನೇತುಬಿದ್ದಿವೆ. ಆದರೆ ನಾಲ್ಕು ಹೊಲಿಗೆ ಯಂತ್ರಗಳ ಮೇಲೆ ಅವರೂ ಸೇರಿ ನಾಲ್ವರು ಹೆಂಗಸರು ಹೊಲಿಯುವುದು ಕೊಡೆಯನ್ನಲ್ಲ, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡುಗಳನ್ನು. ದಿನಕ್ಕೆ ನೂರಿಪ್ಪತ್ತು. ಒಂದೊಂದಕ್ಕೂ ಹನ್ನೊಂದು ತುಂಡು ಬಟ್ಟೆ, ಹದಿನೈದು ನಿಮಿಷದ ಹೊಲಿಗೆ. ಆ ಹನ್ನೊಂದು ತುಂಡುಗಳ ಆಕಾರ, ಅಳತೆ, ಜೋಡಣೆ ಎಲ್ಲವನ್ನೂ ಗೀಚಿ, ಕತ್ತರಿಸಿ, ತಪ್ಪಿ, ಮತ್ತೆ ಗೀಚಿ ತಂದಿರುವುದು ಕೊಡೆ ಅಕ್ಕ. ಆರು ವರ್ಷದಲ್ಲಿ ನಲವತ್ತಮೂರು ಮಾದರಿ. ಈಗ ಅವರ ಕೆಳಗಿರುವುದು ನಲವತ್ತಮೂರನೆಯದು.

ಇಪ್ಪತ್ತು ನಿಮಿಷ ಆಗುತ್ತದೆ. ಎದ್ದು, ಪ್ಯಾಡನ್ನು ಎತ್ತಿ, ಬಿಳಿ ಬಟ್ಟೆಯನ್ನು ದೀಪದ ಹತ್ತಿರ ಹಿಡಿದು ನೋಡುತ್ತಾರೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡುತ್ತಾರೆ. ಬಟ್ಟೆ ಬೆಳ್ಳಗಿದೆ. ಆದರೂ ಮುಖ ಅರಳುವುದಿಲ್ಲ.

“ಸ್ಟೂಲು ಸುಳ್ಳು ಹೇಳುತ್ತೆ. ಮನುಷ್ಯರೂ ಹೇಳ್ತಾರೆ, ಅದು ಬೇರೆ ವಿಷಯ,” ಎಂದು ಬಟ್ಟೆ ಮಡಿಸುತ್ತಾರೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನೀಲಿ ಸಮವಸ್ತ್ರ, ಕಂಕುಳಲ್ಲಿ ಹೆಲ್ಮೆಟ್ಟು, ಕೈಯಲ್ಲಿ ನೀರಿನ ಬಾಟಲಿ. ಬಂದವರು ಕೊಡೆ ಅಕ್ಕನ ಗಂಡನ ತಂಗಿ, ಬಂದರಿನಲ್ಲಿ ಕ್ರೇನ್ ನಡೆಸುವವರು. ಹಡಗಿನಿಂದ ಲಾರಿಗೆ ಪೆಟ್ಟಿಗೆ ಇಳಿಸುವ ಆ ಹಳದಿ ಕ್ರೇನುಗಳನ್ನು ನಡೆಸುವ ಇಪ್ಪತ್ತಾರು ಮಂದಿಯಲ್ಲಿ ಇವರೊಬ್ಬರೇ ಹೆಂಗಸು. ನೂರಾ ನಲವತ್ತು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಆರು ಗಂಟೆಗೆ ಕ್ಯಾಬಿನ್ನಿನಲ್ಲಿ ಕೂತರೆ ಹನ್ನೊಂದಕ್ಕೆ ಇನ್ನೊಬ್ಬರು ಬಂದು ಸೀಟು ಬಿಡಿಸಿಕೊಳ್ಳುವವರೆಗೆ ಇಳಿಯುವ ಹಾಗಿಲ್ಲ. ನಡುವೆ ಇಳಿದರೆ ಕ್ರೇನು ನಿಲ್ಲುತ್ತದೆ, ಕ್ರೇನು ನಿಂತರೆ ಕೆಳಗೆ ಲಾರಿಗಳ ಸಾಲು ನಿಲ್ಲುತ್ತದೆ.

ಇವತ್ತು ನಾದಿನಿಯ ಎರಡನೆಯ ದಿನ. ಹೆಚ್ಚು ಹರಿಯುವ ದಿನ. ಕೊಡೆ ಅಕ್ಕ ನಲವತ್ತಮೂರನೆಯ ಮಾದರಿಯ ಇನ್ನೊಂದು ಪ್ಯಾಡನ್ನು ಪುಟ್ಟ ಚೀಲದಲ್ಲಿಟ್ಟು ಕೊಡುತ್ತಾರೆ. ಚೀಲದೊಳಗೆ ಎರಡು ಅಂಗಿ ಗುಂಡಿ, ಒಂದು ಬಿಳಿ, ಒಂದು ಕಪ್ಪು.

“ಸುಳ್ಳು ಹೇಳಿದ್ರೆ ನೋಡು,” ಎನ್ನುತ್ತಾರೆ.

“ಇಲ್ಲ ಅತ್ತಿಗೆ. ಒಂದ್ಸಲ ಹೇಳಿ ಪಟ್ಟಿದ್ದು ಸಾಕು,” ಎಂದು ನಾದಿನಿ ಚೀಲವನ್ನು ಎದೆಯ ಜೇಬಿಗಿಳಿಸಿ ಹೊರಡುತ್ತಾರೆ.

ಈ ಗುಂಡಿಗಳ ಕತೆ ಹೇಳದಿದ್ದರೆ ಕೊಡೆ ಅಕ್ಕನ ಕೆಲಸ ಅರ್ಥವಾಗುವುದಿಲ್ಲ.

ಅಪ್ಪನ ಕಾಲ ಮುಗಿಯುವ ಹೊತ್ತಿಗೆ ಕೊಡೆ ಕೆಟ್ಟರೆ ಎಸೆದು ಹೊಸದು ಕೊಳ್ಳುವ ಕಾಲ ಬಂತು. ಮಗಳು ಮಳೆಯಂಗಿ ಕಾರ್ಖಾನೆಗೆ ಹೊಲಿಗೆಗೆ ಸೇರಿದರು. ಅಲ್ಲಿ ಹತ್ತೊಂಬತ್ತು ವರ್ಷ. ಸಾಲಿನಲ್ಲಿ ಎಪ್ಪತ್ತು ಹೆಂಗಸರು, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಬಿಡುವು. ತಿಂಗಳ ಆ ದಿನಗಳಲ್ಲಿ ಯಾರೂ ಬೆನ್ನು ಆನಿಸಿ ಕೂರುತ್ತಿರಲಿಲ್ಲ, ಎಲ್ಲರೂ ಕುರ್ಚಿಯ ತುದಿಯಲ್ಲಿ. ಎದ್ದಾಗ ಹಿಂದಿನವರು ನೋಡಿ ಕಣ್ಸನ್ನೆ ಮಾಡಬೇಕು, ಅದು ಅಲ್ಲಿಯ ಒಪ್ಪಂದ. ಅಂಗಡಿಯ ಪ್ಯಾಡು ಸೆಕೆಗೆ ತೊಡೆ ಕೆರೆಯುತ್ತಿತ್ತು, ಮುದ್ದೆಯಾಗುತ್ತಿತ್ತು. ಕೊಡೆ ಅಕ್ಕ ಮಳೆಯಂಗಿಯ ಕತ್ತರಿಸಿದ ಚೂರುಗಳನ್ನು ಮನೆಗೆ ತಂದು, ಅದರ ಮೇಲೆ ಹಳೆಯ ಟವೆಲ್ಲು ಹೊಲಿದು ತಮಗೊಂದು ಮಾಡಿಕೊಂಡರು. ನಂತರ ಪಕ್ಕದವರಿಗೊಂದು. ಕಾರ್ಖಾನೆ ಬಾಗಿಲು ಹಾಕಿದ ದಿನ ಎಪ್ಪತ್ತು ಮಂದಿಯಲ್ಲಿ ನಲವತ್ತು ಮಂದಿ ಅವರು ಹೊಲಿದದ್ದನ್ನೇ ಬಳಸುತ್ತಿದ್ದರು.

ಅಪ್ಪನ ಅಂಗಡಿಗೆ ಹಿಂತಿರುಗಿ ಇದನ್ನೇ ಕೆಲಸವಾಗಿ ಹಿಡಿದಾಗ ಎದುರಾದ ಮೊದಲ ತೊಡಕು ಬಟ್ಟೆಯದ್ದಲ್ಲ, ಬಾಯಿಯದ್ದು. ಪ್ಯಾಡು ತೊಟ್ಟು ನೋಡಲು ಮೂವತ್ತೊಂದು ಮಂದಿ ಒಪ್ಪಿದರು. ಆಸ್ಪತ್ರೆಯ ದಾದಿಯರು, ಬಸ್ ನಡೆಸುವವರು, ಶಾಲೆಯ ಟೀಚರು, ಓಟದ ಪಂದ್ಯಕ್ಕೆ ತಯಾರಾಗುತ್ತಿರುವ ಕಾಲೇಜು ಹುಡುಗಿ. ಆದರೆ “ಹೇಗಿತ್ತು?” ಎಂದು ಕೇಳಿದರೆ ಮೂವತ್ತೊಂದು ಮಂದಿಯೂ ನೆಲ ನೋಡುತ್ತಿದ್ದರು. ಕಾಗದ ಕೊಟ್ಟು ಬರೆಯಿರಿ ಎಂದರೆ ಕಾಗದ ಖಾಲಿ ಬರುತ್ತಿತ್ತು. ಆಗ ಅಪ್ಪನ ಪೆಟ್ಟಿಗೆಯ ತಳದಲ್ಲಿದ್ದ ಗುಂಡಿಗಳು ಕೆಲಸಕ್ಕೆ ಬಂದವು. ಪ್ಯಾಡಿನ ಜೊತೆ ಎರಡು ಗುಂಡಿ, ಎರಡಕ್ಕೂ ಸಂಖ್ಯೆ ಬರೆದ ಬಟ್ಟೆಚೂರು. ಚೆನ್ನಾಗಿದ್ದರೆ ಬಿಳಿ, ಸೋರಿದರೆ ಕಪ್ಪು. ಬಾಗಿಲ ಪಕ್ಕದ ತಗಡಿನ ಡಬ್ಬಿಯಲ್ಲಿ ಒಂದನ್ನು ಹಾಕಿ ಹೋದರಾಯಿತು, ಮಾತಿನ ಗೊಡವೆಯೇ ಇಲ್ಲ. ಗುಂಡಿಗಳು ಟಣ್ ಟಣ್ ಎಂದು ಬೀಳತೊಡಗಿದವು.

ನಲವತ್ತೊಂದನೆಯ ಮಾದರಿ ಕೊಡೆ ಅಕ್ಕನ ಹೆಮ್ಮೆಯ ಕೂಸು. ಅದಕ್ಕೆ ಮುಂಚಿನವು ಒಗೆದು ಒಗೆದು ಒಳಗಿನ ಪದರ ಮುದುಡಿಕೊಳ್ಳುತ್ತಿದ್ದವು. ಇದರಲ್ಲಿ ಮೇಲಿನ ಮೆತ್ತನೆ ಹತ್ತಿಬಟ್ಟೆ, ನಡುವಿನ ಟವೆಲ್ ಪದರ, ಅಡಿಯ ನೀರು ಬಿಡದ ಬಟ್ಟೆ ಮೂರನ್ನೂ ಸೇರಿಸಿ ಉದ್ದಕ್ಕೆ ಎರಡು ಸಾಲು ಹೊಲಿಗೆ ಹಾಕಿದರು. ರೂಲು ಹಿಡಿದು ಗೆರೆ ಎಳೆದ ಹಾಗಿತ್ತು. ಹತ್ತು ಸಲ ಒಗೆದರೂ ಮುದುಡಲಿಲ್ಲ. ಮೂರು ತಿಂಗಳು ಡಬ್ಬಿಯಲ್ಲಿ ಬಿದ್ದದ್ದೆಲ್ಲ ಬಿಳಿ ಗುಂಡಿ. ಕೊಡೆ ಅಕ್ಕನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಒಂದು ಭಾನುವಾರ ನಾದಿನಿ ತಮ್ಮ ಸಮವಸ್ತ್ರದ ಹರಿದ ಜೇಬು ಹೊಲಿಯಲು ಕೊಟ್ಟುಹೋದರು. ಜೇಬಿನಲ್ಲಿ ಮಡಿಸಿದ ಕಾಗದ, ಕಾಗದದೊಳಗೆ ಮೂರು ಕಪ್ಪು ಗುಂಡಿ. ಬಿಳಿ ಹಾಕಿದವರ ಬಳಿ ಕಪ್ಪು ಉಳಿಯುವುದು ಸಹಜ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷವಿದ್ದದ್ದು ಕಾಗದದಲ್ಲಿ. ಅದು ಬಂದರಿನ ಮೇಲ್ವಿಚಾರಕರ ಪತ್ರ. ಕೆಲಸದ ನಡುವೆ ಮೂರು ಸಲ ಕ್ರೇನು ನಿಲ್ಲಿಸಿ ಕೆಳಗಿಳಿದಿದ್ದೀರಿ, ಕಾರಣ ಕೇಳಿದರೆ ಹೇಳುತ್ತಿಲ್ಲ, ಇನ್ನೊಂದು ಸಲ ಹಾಗಾದರೆ ಕ್ಯಾಬಿನ್ನಿನಿಂದ ತೆಗೆದು ಗೇಟಿನ ಲೆಕ್ಕದ ಮೇಜಿಗೆ ಹಾಕಬೇಕಾಗುತ್ತದೆ ಎಂದಿತ್ತು. ಮೂರೂ ದಿನಾಂಕ ಕೊಟ್ಟಿದ್ದರು. ಕೊಡೆ ಅಕ್ಕ ತಮ್ಮ ನೋಟ್‌ಬುಕ್ ತೆಗೆದು ನೋಡಿದರು. ಅದೇ ಮೂರು ದಿನಾಂಕದ ಮುಂದೆ ನಾದಿನಿಯ ಬಿಳಿ ಗುಂಡಿ.

“ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಅವಳನ್ನ ಕರೆಸಿ ಕೇಳ್ದೆ, ಯಾಕೆ ಹೀಗ್ಮಾಡ್ದೆ ಅಂತ. ‘ನೀವು ಅಷ್ಟು ಆಸೆಯಿಂದ ಹೊಲ್ದಿದ್ರಿ ಅತ್ತಿಗೆ, ನಿಮ್ಮ ಮುಖ ನೋಡಿ ಕಪ್ಪು ಹಾಕೋಕೆ ಮನಸ್ಸು ಬರ್ಲಿಲ್ಲ’ ಅಂದ್ಲು. ಆ ಏಣಿ ಹತ್ತಿ ಕ್ರೇನು ನಡೆಸೋ ಕೆಲಸಕ್ಕೆ ನಾಲ್ಕು ವರ್ಷ ಒದ್ದಾಡಿದ್ದಾಳೆ ಅವಳು. ನನ್ನ ಮೇಲಿನ ಪ್ರೀತಿಗೆ ಅದನ್ನೇ ಕಳ್ಕೊಳ್ಳೋಕೆ ಹೊರಟಿದ್ಲು.” ಇಷ್ಟು ಹೇಳಿ ಕೊಡೆ ಅಕ್ಕ ಸೆರಗಿನ ತುದಿಗೆ ಮೂಗು ಒರೆಸಿಕೊಳ್ಳುತ್ತಾರೆ.

ಮರುದಿನವೇ ಮೂವತ್ತೊಂದು ಮಂದಿಯ ಮನೆಗೂ ಹೋಗಿ ಬಾಗಿಲು ತಟ್ಟಿದರು. ನನಗೆ ಬೇಜಾರಾಗಲಿ, ಪರವಾಗಿಲ್ಲ, ನಿಜ ಹಾಕಿ ಎಂದು ಕೇಳಿಕೊಂಡರು. ಆ ವಾರ ಡಬ್ಬಿಯಲ್ಲಿ ಹದಿನೇಳು ಕಪ್ಪು ಗುಂಡಿ ಬಿದ್ದಿದ್ದವು. ಗುಂಡಿಯ ಜೊತೆ ಸಂಖ್ಯೆಯಷ್ಟೇ ಇದೆ, ಹೆಸರಿಲ್ಲ, ಹಾಗಾಗಿ ನಿಜವನ್ನೇ ಹಾಕುತ್ತಾರೆ ಎಂದುಕೊಂಡಿದ್ದರು ಕೊಡೆ ಅಕ್ಕ. ಆದರೆ ಯಾವ ಸಂಖ್ಯೆ ಯಾರದ್ದೆಂದು ಕೊಡೆ ಅಕ್ಕನಿಗೆ ಬಾಯಿಪಾಠ ಎಂಬುದು ಆ ಹದಿನೇಳು ಮಂದಿಗೂ ಗೊತ್ತಿತ್ತು. ಎದುರು ಸಿಕ್ಕಾಗ ನೋವಾಗದಿರಲಿ ಎಂದು ಸೋರಿದ್ದನ್ನು ಸಹಿಸಿಕೊಂಡಿದ್ದರು.

ಎಲ್ಲಿ ತಪ್ಪಿತು ಎಂಬುದು ಗೊತ್ತಾಗಿದ್ದು ಒಂದು ಹಳೆಯ ಕೊಡೆಯಿಂದ. ಯಾರೋ ರಿಪೇರಿಗೆ ಬಿಟ್ಟುಹೋದ ಕೊಡೆಯನ್ನು ಬಿಚ್ಚಿ ದೀಪಕ್ಕೆ ಹಿಡಿದಾಗ ಹೊಲಿಗೆಯ ಗುಂಟ ಸಣ್ಣ ಸಣ್ಣ ಬೆಳಕಿನ ಚುಕ್ಕೆ. ಸೂಜಿ ಚುಚ್ಚಿದ ತೂತುಗಳು. ಅಪ್ಪ ಪ್ರತಿ ಹೊಲಿಗೆಯ ಮೇಲೂ ಮೇಣ ಉಜ್ಜುತ್ತಿದ್ದುದು ಇದಕ್ಕೇ, ಅದನ್ನು ಮಗಳ ಕೈಯಲ್ಲೇ ಉಜ್ಜಿಸುತ್ತಿದ್ದರು.

“ಒಂದಿಂಚಿಗೆ ಹತ್ತು ತೂತು. ಹತ್ತಿಂಚು ಪ್ಯಾಡು, ಎರಡು ಸಾಲು. ಸರಿಯಾಗಿ ನಡುಮಧ್ಯದಲ್ಲಿ, ಎಲ್ಲಿ ಹೆಚ್ಚು ಒದ್ದೆ ಆಗುತ್ತೋ ಅಲ್ಲೇ ಇನ್ನೂರು ತೂತು! ಸೋರಬಾರದು ಅಂತ ಒಳ್ಳೆ ಬಟ್ಟೆ ಹಾಕೋದು, ಅದಕ್ಕೆ ನಾನೇ ಕೂತು ಜರಡಿ ಮಾಡೋದು. ಕೊಡೆಯವನ ಮಗಳು ಮಾಡೋ ತಪ್ಪಾ ಇದು? ಅಪ್ಪ ಇದ್ದಿದ್ರೆ ಕೊಡೆ ಹಿಡಿಯಿಂದಲೇ ತಲೆಗೆ ಕುಟ್ಟೋರು,” ಎಂದು ತಮ್ಮ ತಲೆಗೆ ತಾವೇ ಮೊಟಕಿಕೊಳ್ಳುತ್ತಾರೆ.

ನಲವತ್ತೆರಡನೆಯದರಲ್ಲಿ ಒಳಗಿನ ಪದರಗಳನ್ನು ಮಾತ್ರ ಬೇರೆಯಾಗಿ ಹೊಲಿದು, ಅಡಿಯ ಬಟ್ಟೆಗೆ ಅಂಚಿನಲ್ಲಷ್ಟೇ ಸೇರಿಸಿದರು. ನಡುವೆ ಒಂದೂ ತೂತಿಲ್ಲ. ಮೂವತ್ತು ಮಂದಿ ಬಿಳಿ ಹಾಕಿದರು, ಈ ಸಲ ನಿಜವಾದ ಬಿಳಿ. ಒಂದೇ ಒಂದು ಕಪ್ಪು, ನಾದಿನಿಯದು. ಅವರು ಅದನ್ನು ರಜೆಯ ದಿನ ಮನೆಯಲ್ಲಿ, ಕುರ್ಚಿಯ ಮೇಲೆ ಐದು ಗಂಟೆ ಕ್ಯಾಬಿನ್ನಿನಲ್ಲಿ ಕೂತಂತೆ ಕೂತು ಪರೀಕ್ಷಿಸಿದ್ದರು. ಮುಂದಿನ ಅಂಚಿನಲ್ಲಿ ಸೋರಿತ್ತು.

ಮುಂದೆ ಯಾಕೆ? ಎಲ್ಲರಿಗೂ ಸೋರುವುದು ಹಿಂದಕ್ಕೆ ತಾನೆ? ಒಂದು ವಾರ ತಲೆ ಕೆಡಿಸಿಕೊಂಡ ಕೊಡೆ ಅಕ್ಕ, ಕ್ರೇನಿಗೆ ಎಣ್ಣೆ ಹಾಕಿ ಬಿಡುವು ಕೊಡುವ ದಿನ ಬಂದರಿಗೆ ಹೋಗಿ ಮೇಲ್ವಿಚಾರಕರ ಮುಂದೆ ನಿಂತರು. ನಿಮ್ಮ ಕ್ರೇನು ಯಾಕೆ ಮೂರು ಸಲ ನಿಂತಿತು ಎಂದು ಸುತ್ತುಬಳಸದೆ ಹೇಳಿ, ಮೇಲೆ ಹತ್ತಿ ಆ ಸೀಟನ್ನು ನೋಡಬೇಕು ಎಂದರು. ಆತ ಕೆಂಪಗಾಗಿ, ಕೆಮ್ಮಿ, ಕೊನೆಗೆ ಹೆಲ್ಮೆಟ್ಟು ಮತ್ತು ಸೊಂಟದ ಹಗ್ಗ ತರಿಸಿಕೊಟ್ಟರು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಗಂಡನನ್ನು ಕೂಗುವ ಹೆಂಗಸು ನಾದಿನಿಯ ಹಿಂದೆ ನೂರಾ ನಲವತ್ತು ಮೆಟ್ಟಿಲು ಹತ್ತಿದರು.

“ಕೆಳಗೆ ನೋಡಿದ್ರೆ ಜೀವ ಬಾಯಿಗೆ ಬಂತು. ಕ್ಯಾಬಿನ್ನಿನ ನೆಲ ಪೂರ್ತಿ ಗಾಜು! ಪಾದದ ಕೆಳಗೆ ಲಾರಿ, ಲಾರಿ ಪಕ್ಕ ಇರುವೆ ಹಾಗೆ ಜನ. ಅವಳು ಅಲ್ಲಿ ಕೂರೋದೇ ಇಲ್ಲ ನೋಡಿ, ಬಾಗೋದು. ಐದು ಗಂಟೆ ಬಗ್ಗಿ ಕಾಲ ಮಧ್ಯದಿಂದ ಕೆಳಗೆ ನೋಡ್ತಾನೇ ಇರ್ತಾಳೆ. ನಾನು ಆರು ವರ್ಷ ನೆಟ್ಟಗೆ ಕೂರೋರಿಗೆ ಅಂತ ಹೊಲಿತಾ ಇದ್ದೆ.”

ಆ ದಿನದಿಂದಲೇ ಸೈಕಲ್ ಸೀಟಿನ ಮೇಲೆ ಮುಂದೆ ಬಾಗಿ ಕೂರುವ ಪರೀಕ್ಷೆ ಶುರುವಾದದ್ದು. ನಲವತ್ತಮೂರನೆಯದರಲ್ಲಿ ಮುಂಭಾಗ ಎರಡು ಬೆರಳು ಉದ್ದವಾಯಿತು, ತೊಡೆಗೆ ಒತ್ತದಂತೆ ಅಂಚಿನ ಮಡಿಕೆ ತೆಳ್ಳಗಾಯಿತು, ಒಳ ಉಡುಪಿಗೆ ಸಿಕ್ಕಿಸುವ ರೆಕ್ಕೆಗಳು ಸ್ವಲ್ಪ ಮುಂದೆ ಸರಿದವು. ಅದರ ಮೊದಲ ನಿಜವಾದ ಪರೀಕ್ಷೆ ಈವತ್ತು, ನೂರಾ ನಲವತ್ತು ಮೆಟ್ಟಿಲ ಮೇಲೆ. ಪತ್ರ ಹಾಗೇ ಇದೆ. ಮೇಲ್ವಿಚಾರಕರು ಮೆತ್ತಗಾಗಿದ್ದರೂ, “ನಾಲ್ಕನೇ ಸಲ ನಿಂತ್ರೆ ನನ್ನ ಕೈ ಮೀರುತ್ತೆ ಅಮ್ಮ,” ಎಂದಿದ್ದಾರೆ. ಮನೆಯಲ್ಲಿ ಒಂದು ದಿನ ಹಾಕಿ ನೋಡೋಣ ಎಂದು ಅತ್ತಿಗೆ ಎಷ್ಟು ಹೇಳಿದರೂ ನಾದಿನಿ ಕೇಳಲಿಲ್ಲ. ಅವರ ಲೆಕ್ಕದಲ್ಲಿ ಮೇಲೆ ಪಾಸಾಗದ್ದು ಪಾಸೇ ಅಲ್ಲ.

ಅಂಗಡಿಯ ಕಿಟಕಿಯಿಂದ ನೋಡಿದರೆ ಗೋದಾಮುಗಳ ತಗಡಿನಾಚೆ ಆ ಕ್ರೇನಿನ ಹಳದಿ ತೋಳು ಕಾಣುತ್ತದೆ. ಕೊಡೆ ಅಕ್ಕನ ಯಂತ್ರ ಕಿಟಕಿಗೆ ಮುಖ ಮಾಡಿಯೇ ಇದೆ. ಏಳು ಗಂಟೆ, ಎಂಟು ಗಂಟೆ. ತೋಳು ಹೋಗುತ್ತದೆ, ಬರುತ್ತದೆ. ನಾಲ್ಕು ಸಾಲು ಹೊಲಿಯುವುದು, ಒಮ್ಮೆ ತಲೆ ಎತ್ತುವುದು. ಒಂಬತ್ತೂ ಇಪ್ಪತ್ತಕ್ಕೆ ತೋಳು ನಡುದಾರಿಯಲ್ಲಿ ನಿಲ್ಲುತ್ತದೆ. ಕೊಡೆ ಅಕ್ಕನ ಯಂತ್ರ ನಿಲ್ಲುತ್ತದೆ. ಅದನ್ನು ನೋಡಿ ಉಳಿದ ಮೂರೂ ನಿಲ್ಲುತ್ತವೆ. ಎರಡು ನಿಮಿಷ, ಮೂರು ನಿಮಿಷ. ಕೊಡೆ ಅಕ್ಕ ಎದ್ದು ಚಪ್ಪಲಿ ಮೆಟ್ಟುತ್ತಾರೆ. ಅಷ್ಟರಲ್ಲಿ ತೋಳು ಮೆಲ್ಲಗೆ ಅಲುಗಿ, ತೂಗುತ್ತಿದ್ದ ಪೆಟ್ಟಿಗೆಯೊಂದಿಗೆ ಈಚೆ ಬರುತ್ತದೆ. ನಾಲ್ವರೂ ಒಟ್ಟಿಗೆ ಉಸಿರು ಬಿಡುತ್ತಾರೆ.

ಆ ಹೊತ್ತಿನಲ್ಲಿ ಕೊಡೆ ಅಕ್ಕ ನೋಡುವುದು ಎದುರು ಗೋಡೆಯನ್ನು. ಅಲ್ಲಿ ಬಿಡಿಸಿ ಹರಡಿದ ಕೊಡೆಬಟ್ಟೆಯೊಂದು ತೂಗುತ್ತಿದೆ, ಅಪ್ಪನ ಕೊನೆಯ ಕೊಡೆಯದು. ಅದರ ಮೇಲೆ ಅರವತ್ತೊಂದು ಕಪ್ಪು ಗುಂಡಿಗಳನ್ನು ಬಿಳಿ ದಾರದಿಂದ ಹೊಲಿದಿದ್ದಾರೆ. ನಟ್ಟನಡುವೆ ಒಂದೇ ಸಾಲಿನಲ್ಲಿ ಮೂರು, ನಾದಿನಿಯ ಜೇಬಿನವು. ಬೆಳಗ್ಗೆ ಅಂಗಡಿ ಬಾಗಿಲು ತೆರೆದಾಗ ಅವರು ಕೈಮುಗಿಯುವುದು ಇದಕ್ಕೇ.

“ಬಿಳಿ ಗುಂಡಿ ನೋಡಿದ್ರೆ ಖುಷಿ ಆಗುತ್ತೆ ಅಷ್ಟೇ. ನಂಗೆ ಕೆಲಸ ಕಲ್ಸಿದ್ದು ಈ ಅರವತ್ತೊಂದು. ಬಟ್ಟೆ ಕೊಳೆ ಮಾಡ್ಕೊಂಡು, ನಾಚಿಕೆ ನುಂಗ್ಕೊಂಡು ಬಂದು ಹಾಕಿದ್ದಾರಲ್ಲ ಆ ತಾಯಂದಿರು, ಅವರ ಋಣ ದೊಡ್ಡದು,” ಎನ್ನುತ್ತಾರೆ. ಋಣ ತೀರಿಸುವ ದಾರಿಯನ್ನೂ ಅವರೇ ಕಂಡುಕೊಂಡಿದ್ದಾರೆ. ಕಪ್ಪು ಗುಂಡಿ ಹಾಕಿದವರಿಗೆ ಒಂದು ಕೊಡೆ ರಿಪೇರಿ ಪುಕ್ಕಟೆ. ಹಾಗಾಗಿ ಮಳೆ ಬಂದಾಗ ಈ ಬೀದಿಯಲ್ಲಿ ಒಂದೂ ಮುರುಕು ಕೊಡೆ ಕಾಣಸಿಗುವುದಿಲ್ಲ ಎಂದು ಅವರ ಗಂಡ ರೇಗಿಸುತ್ತಾರೆ.

ಬೆನ್ನು ಆನಿಸಿ ನಿಶ್ಚಿಂತೆಯಿಂದ ಬಸ್ಸು ನಡೆಸುವ, ಆಸ್ಪತ್ರೆಯ ಮಂಚದಿಂದ ಮಂಚಕ್ಕೆ ಓಡಾಡುವ, ಬಿಳಿ ಸಮವಸ್ತ್ರ ತೊಟ್ಟು ಮೈದಾನಕ್ಕೆ ಇಳಿಯುವ ನೂರಾರು ಹೆಣ್ಣುಮಕ್ಕಳು ಈ ಹೆಂಗಸಿಗೆ, ಈ ಗುಂಡಿಗಳಿಗೆ ಉಪಕೃತರು. ಅವರಲ್ಲಿ ಬಹಳ ಮಂದಿಗೆ ಅದು ಗೊತ್ತೂ ಇಲ್ಲ. ಇಲ್ಲಿ ಆ ಮಾತನ್ನು ಅವರೆಲ್ಲರ ಪರವಾಗಿ ಬಾಯಿಬಿಟ್ಟು ಹೇಳಲೇಬೇಕು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೊಡೆ ಅಕ್ಕ ಬಂದರಿನ ಗೇಟಿನ ಹೊರಗಿದ್ದಾರೆ. ಸೈರನ್ ಕೂಗುತ್ತದೆ. ಏಣಿಯ ಮೇಲೆ ನೀಲಿ ಚುಕ್ಕೆಯೊಂದು ಇಳಿಯುತ್ತಾ ಇಳಿಯುತ್ತಾ ನಾದಿನಿಯಾಗುತ್ತದೆ. ಹೆಲ್ಮೆಟ್ಟು ತೆಗೆಯುವ ಮೊದಲೇ ಅವರ ಬಾಯಿ ಶುರು.

“ಆ ಲಾರಿಯವನಿಗೆ ಬುದ್ಧಿ ಇಲ್ಲ ಅತ್ತಿಗೆ! ಅಡ್ಡ ತಂದು ನಿಲ್ಲಿಸ್ಬಿಟ್ಟ. ಮೂರು ನಿಮಿಷ ಪೆಟ್ಟಿಗೆ ಗಾಳಿಲೇ ತೂಗ್ತಾ ಇತ್ತು. ಗಾಳಿ ಬೇರೆ. ಕೊನೆಗೆ ಹಾರ್ನ್ ಹೊಡ್ದು ಹೊಡ್ದು ಸರಿಸ್ದೆ. ಈಗ ಹಸಿವು ಅಂದ್ರೆ ಹಸಿವು, ನೀವು ಊಟ ತಂದಿದೀರಾ?”

ಕೊಡೆ ಅಕ್ಕ ಅಂಗೈ ಚಾಚುತ್ತಾರೆ. ನಾದಿನಿ ಅಂಗೈಯನ್ನೇ ನೋಡುತ್ತಾರೆ.

“ಏನು?”

“ಗುಂಡಿ.”

“ಯಾವ ಗುಂಡಿ?” ಎಂದವರು ಒಂದು ಕ್ಷಣ ಕಣ್ಣು ಪಿಳುಕಿಸಿ, ಎದೆಯ ಜೇಬು ಮುಟ್ಟಿಕೊಂಡು ಬಾಯಿ ತೆರೆದು ನಿಲ್ಲುತ್ತಾರೆ. “ಅಯ್ಯೋ ಅತ್ತಿಗೆ! ಇವತ್ತು ಅದು ಇದೆ ಅನ್ನೋದೇ ನಂಗೆ ಮರೆತೋಗಿತ್ತು.”

ಒಮ್ಮೆ ಮೋಸಹೋದವರು ಕೊಡೆ ಅಕ್ಕ. ಹೆಗಲು ಹಿಡಿದು ನಾದಿನಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. ನೀಲಿ ಬಟ್ಟೆ ನೀಲಿಯಾಗಿಯೇ ಇದೆ. ಅಷ್ಟಕ್ಕೂ ಬಿಡದೆ ಗೇಟಿನ ಪಕ್ಕದ ಶೌಚಾಲಯಕ್ಕೆ ಅಟ್ಟುತ್ತಾರೆ. ನಾದಿನಿ ಹೊರಗೆ ಬಂದವರೇ ಅತ್ತಿಗೆಯ ಕೊರಳಿಗೆ ಜೋತುಬೀಳುತ್ತಾರೆ. ಲಾರಿಯವರೆಲ್ಲ ನೋಡುತ್ತಿದ್ದಾರೆ. ಇಬ್ಬರಿಗೂ ಅದರ ಪರಿವೆ ಇಲ್ಲ.

ಅಂಗಡಿಗೆ ಮರಳಿ ಕೊಡೆ ಅಕ್ಕ ನೋಟ್‌ಬುಕ್ ತೆರೆಯುತ್ತಾರೆ. ನಲವತ್ತಮೂರರ ಮುಂದೆ ಬಿಳಿ ಎಂದೂ ಬರೆಯುವುದಿಲ್ಲ, ಕಪ್ಪು ಎಂದೂ ಬರೆಯುವುದಿಲ್ಲ. ‘ಮರೆತಿದ್ದಳು’ ಎಂದಷ್ಟೇ ಬರೆಯುತ್ತಾರೆ. ಆರು ವರ್ಷದ ಪುಟಗಳಲ್ಲಿ ಆ ಮಾತು ಇದೇ ಮೊದಲು. ಆಮೇಲೆ ಉಳಿದ ಮೂವರನ್ನೂ ಕರೆದು ತಮ್ಮ ಯಂತ್ರಕ್ಕೆ ಕೈ ಹಚ್ಚಿಸಿ, ಅದನ್ನು ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿ ಇಡಿಸುತ್ತಾರೆ. ಹೊರಗೆ ಕ್ರೇನಿನ ತೋಳು ಹೋಗುತ್ತಿದೆ, ಬರುತ್ತಿದೆ.

ಮುಂದೇನು ಆಸೆ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ: “ಅವಳು ಮರೆತ ಹಾಗೆ ಎಲ್ರೂ ಮರೀಬೇಕು. ಐದು ಗಂಟೆ ಅವಳ ತಲೇಲಿ ಬರೀ ಲಾರಿ, ಗಾಳಿ, ಊಟ ಇತ್ತಲ್ಲ, ಅದಕ್ಕಿಂತ ಹೆಚ್ಚಿಗೆ ನಂಗೇನು ಬೇಕು?”